ರೊಟ್ಟಿ ಬಡಿಯುವುದನ್ನು ನೋಡಲು ಬಂದವರು

ಕಂಪನಿಗಳ ಕಟ್ಟಡ ಎಬ್ಬಿಸಲು ಹೈದರಾಬಾದಿನ ಪಡುವಣದ ಬಂಡೆಗಳನ್ನು ಆಗಿನ್ನೂ ಪೂರ್ತಿ ಸಿಡಿಸಿ ಮುಗಿಸಿರಲಿಲ್ಲ. ಓಣಿಗೊಂದರಂತೆ ಕಂಪ್ಯೂಟರ್ ಕಲಿಸುವ ಬೋರ್ಡುಗಳು ಎದ್ದಿದ್ದವು. ಬಸ್ಸಿನಲ್ಲಿ ಪಕ್ಕ ಕೂತವರೂ ಅಮೆರಿಕದ ವೀಸಾ ವಿಷಯ ಮಾತಾಡುತ್ತಿದ್ದರು. ಹೊರದೇಶದವರು ಬರುತ್ತಾರೆ, ಊರು ಚೆಂದ ಕಾಣಬೇಕು ಎಂದು ರಸ್ತೆಯ ನಡುವೆ ಹೂಗಿಡ ನೆಟ್ಟು, ಫ್ಲೈಓವರಿನ ಕಂಬಗಳಿಗೆ ಬಣ್ಣ ಬಳಿಯುತ್ತಿದ್ದರು. ಆ ಊರಿನಲ್ಲಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇದೆಲ್ಲ ನೆನಪಿರಬಹುದು. ನನಗೆ ಮಾತ್ರ ಇವುಗಳ ಜೊತೆಗೆ ಹಸಿ ಕಟ್ಟಿಗೆಯ ಹೊಗೆಯೂ ನೆನಪಾಗುತ್ತದೆ.

ನಾವಿದ್ದದ್ದು ತಾರ್ನಾಕದಲ್ಲಿ, ವಿಶ್ವವಿದ್ಯಾಲಯದ ಕಾಂಪೌಂಡಿಗೆ ಹತ್ತಿದ ಓಣಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಅಪ್ಪ, ಅವ್ವ ಇಬ್ಬರೂ ಆಳಂದದ ಕಡೆಯವರು. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಅವನ ಅಂಗಿಗೆ ಯಾವಾಗಲೂ ಕಬ್ಬಿಣ ಮತ್ತು ಎಣ್ಣೆ ಬೆರೆತ ವಾಸನೆ. ಸಂಜೆ ನಾವು ಹುಡುಗಿಯರು ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಆಟ ಬೇಸರವಾದರೆ ಕಾಂಪೌಂಡಿನ ಬಿರುಕಿನಲ್ಲಿ ನುಸುಳಿ ಒಳಗಿನ ಸೀತಾಫಲಕ್ಕೆ ಕೈ ಹಾಕುತ್ತಿದ್ದೆವು. ಹೊರಗೆ ತೆಲುಗು, ಹಿಂದಿ. ಹೊಸ್ತಿಲು ದಾಟಿದರೆ ಆಳಂದದ ಕನ್ನಡ. ಊರಿನಲ್ಲಿದ್ದ ಕೆಲವೇ ಕನ್ನಡ ಶಾಲೆಗಳಲ್ಲೊಂದಕ್ಕೆ ನನ್ನನ್ನು ಸೇರಿಸಿದ್ದು ಅವ್ವನ ಹಟದಿಂದ. ಅವಳಿಗೆ ಓದುವ ಹುಚ್ಚು. ಕನ್ನಡದ ಹಳೇ ವಾರಪತ್ರಿಕೆ ಸಿಕ್ಕರೆ ದಪ್ಪ ಗಾಜಿನ ಚಷ್ಮಾ ಏರಿಸಿಕೊಂಡು ಕೂತುಬಿಡುವಳು; ಒಲೆಯ ಮೇಲೆ ಹಾಲು ಉಕ್ಕಿದರೂ ಎಚ್ಚರವಿರುತ್ತಿರಲಿಲ್ಲ.

ನಾನು ಐದನೇ ತರಗತಿಯಲ್ಲಿದ್ದಾಗ ಅಪ್ಪನ ಕಾರ್ಖಾನೆಯಲ್ಲಿ ಅವನ ವಿಭಾಗವನ್ನೇ ಮುಚ್ಚಿದರು. ಸ್ವಯಂ ನಿವೃತ್ತಿ ಎಂದು ಅದಕ್ಕೆ ಹೆಸರು. "ಸ್ವಯಂ ಅಂತ! ನನ್ನ ಯಾರರ ಕೇಳ್ಯಾರೇನು?" ಎಂದು ಒಂದು ದಿನ ಅಂದ ಅಪ್ಪ, ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೂ ಬೆಳಿಗ್ಗೆ ಎದ್ದು ಗಡ್ಡ ಕೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ತಯಾರಾಗುತ್ತಿದ್ದ. ತಯಾರಾದ ಮೇಲೆ ಹೋಗಲು ಜಾಗವಿಲ್ಲದೆ ಕಟ್ಟೆಯ ಮೇಲೆ ಕೂಡುತ್ತಿದ್ದ. ಓಣಿಯವರು ಇವತ್ತು ರಜೆಯೇ ಎಂದು ಕೇಳಿದರೆ ತಲೆ ಆಡಿಸುತ್ತಿದ್ದ.

ಕೆಲಸ ಸಿಕ್ಕಿದ್ದು ಅವ್ವನಿಗೆ. ನಮ್ಮ ಕಡೆಯವರೆಲ್ಲ ಸೇರಿ ದಸರೆಗೆ ಊಟ ಇಟ್ಟುಕೊಂಡಿದ್ದಾಗ ಅವ್ವ ಜೋಳದ ರೊಟ್ಟಿ ಬಡಿದಿದ್ದಳು. ಅಲ್ಲಿಗೆ ಬಂದಿದ್ದ ಮೂರ್ತಿ ಎಂಬ ತೆಲುಗಿನವರೊಬ್ಬರು ನಿಂತು ನೋಡಿದರು. ಊರಾಚೆ ಕೆರೆಯ ದಂಡೆಯಲ್ಲಿ ಪ್ರವಾಸಿಗಳಿಗೆಂದು ಒಂದು ಹಳ್ಳಿ ಕಟ್ಟಿದ್ದರು. ಅದಕ್ಕೆ ಅವರು ಮ್ಯಾನೇಜರು. ಬಸ್ಸಿನವರೆಲ್ಲ ಆ ಜಾಗಕ್ಕೆ 'ಪಲ್ಲೆ' ಎನ್ನುತ್ತಿದ್ದರು. ಪಲ್ಲೆ ಅಂದರೆ ತೆಲುಗಿನಲ್ಲಿ ಹಳ್ಳಿ ಎಂದಷ್ಟೇ ಅರ್ಥ. ಕುಂಬಾರ, ನೇಕಾರ, ಬಳೆಗಾರ ಎಲ್ಲರೂ ಒಂದೊಂದು ಗುಡಿಸಿಲಿನಲ್ಲಿ ಕೂತು ಕೆಲಸ ಮಾಡಿ ತೋರಿಸುತ್ತಿದ್ದರು. ರೊಟ್ಟಿ ಬಡಿಯುವ ಹೆಂಗಸೊಬ್ಬಳು ಬೇಕಿತ್ತು.

"ಅಡಿಗಿ ಕೆಲಸಾ ಅಲ್ಲೇನು?" ಎಂದು ಮನೆಗೆ ಬಂದ ಮೇಲೆ ಅಪ್ಪ ಕೇಳಿದ.

"ಅಡಿಗೀನೇ. ಮಂದಿ ಮುಂದ ಮಾಡೂದು, ಅಷ್ಟ," ಎಂದಳು ಅವ್ವ.

ಮೊದಲ ಸಲ ಅವಳೊಡನೆ ಅಲ್ಲಿಗೆ ಹೋದ ದಿನ ನನಗೆ ಸಂಭ್ರಮವೋ ಸಂಭ್ರಮ. ಕೆಂಪು ಮಣ್ಣು ಬಳಿದ ಗೋಡೆ, ಅದರ ಮೇಲೆ ಬಿಳಿಯ ಚಿತ್ತಾರ, ಬಾಗಿಲಿಗೆ ಜೋಳದ ತೆನೆಯ ತೋರಣ. ಆಚೆಗೆ ದೊಡ್ಡ ಕೆರೆ. ದಂಡೆಯ ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಕೂತಿದ್ದವು. ನೀರಿನಿಂದ ಕೆಸರು ಮತ್ತು ತಾವರೆ ದಂಟಿನ ತಣ್ಣನೆ ವಾಸನೆ ಬರುತ್ತಿತ್ತು. ಅಲ್ಲೇ ಹಿಂದಿನಿಂದ ಮೀನು ಹಿಡಿಯುತ್ತಿದ್ದವರಿಗೂ ಪಲ್ಲೆಯಲ್ಲಿ ಕೆಲಸ ಕೊಟ್ಟಿದ್ದರು. ತೆಪ್ಪದಲ್ಲಿ ಬಲೆ ಹಿಡಿದು ನಿಲ್ಲಬೇಕು, ಬೀಸಬಾರದು. ಬೀಸಿದರೆ ಪ್ರವಾಸಿಗಳ ಬೋಟಿನ ಯಂತ್ರಕ್ಕೆ ಬಲೆ ಸಿಕ್ಕಿಕೊಳ್ಳುತ್ತದೆ ಎಂದು ಅವರಿಗೆ ತಾಕೀತಾಗಿತ್ತು.

ಅವ್ವನಿಗೆ ಗಟ್ಟಿ ಸೆರಗಿನ ಇಳಕಲ್ ಸೀರೆ, ದೊಡ್ಡ ನತ್ತು, ಬೆಳ್ಳಿ ಬಣ್ಣದ ಕಡಗ ಕೊಟ್ಟರು. ಕೈಗಡಿಯಾರ, ಚಪ್ಪಲಿ ತೆಗೆಸಿದರು. ಎಲ್ಲ ಆದ ಮೇಲೆ ಮೂರ್ತಿಯವರು ದೂರ ನಿಂತು ನೋಡಿ, "ಅಮ್ಮಾ, ಚಷ್ಮಾ ಭೀ ನಿಕಾಲೋ. ಪಲ್ಲೆಲೋ ಚಷ್ಮಾ ಎಕ್ಕಡುಂದಿ?" ಎಂದರು. ಹಳ್ಳಿಯಲ್ಲಿ ಚಷ್ಮಾ ಎಲ್ಲಿರುತ್ತದೆ ಎಂಬುದು ಅವರ ಪ್ರಶ್ನೆ.

"ನಮ್ಮ ಆಳಂದದಾಗ ಎಲ್ಲಾರೂ ಹಾಕ್ಕೋತಾರ್ರಿ. ಇದಿಲ್ಲಾಂದ್ರ ನನಗೇನೂ ಕಾಣೂದಿಲ್ಲ."

ಅವರು ನಕ್ಕುಬಿಟ್ಟರು. ಒರಟು ಮನುಷ್ಯರಲ್ಲ. ನನಗೆ ಒಂದು ಪೆಪ್ಪರಮೆಂಟು ಕೊಟ್ಟು, ಹೊರದೇಶದ ಅತಿಥಿಗಳ ಫೋಟೋದಲ್ಲಿ ಅದು ಹೇಗೆ ಕಾಣುತ್ತದೆಂದು ಅವ್ವನಿಗೆ ತಿಳಿಸಿ ಹೇಳಿದರು. ಅವ್ವ ಚಷ್ಮಾ ತೆಗೆದು ನನ್ನ ಕೈಗೆ ಕೊಟ್ಟಳು. ಒಲೆಗೆ ಒಣ ಕಟ್ಟಿಗೆಯ ಜೊತೆ ಹಸಿಯದನ್ನೂ ತುರುಕುತ್ತಿದ್ದರು. ಹೊಗೆ ಎದ್ದರೆ ಬಿಸಿಲುಕೋಲಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದಂತೆ. ಮನೆಯಲ್ಲಿ ಗ್ಯಾಸಿನ ಮೇಲೆ ಅಡಿಗೆ ಮಾಡುತ್ತಿದ್ದ ಅವ್ವ ಕೆಮ್ಮುತ್ತ, ಕಣ್ಣು ಕಿರಿದು ಮಾಡಿಕೊಂಡು ರೊಟ್ಟಿ ಬಡಿದಳು. ಹಿಟ್ಟು, ನೀರು ಅವಳ ಕೈಗೆ ತಾವಾಗಿಯೇ ಗೊತ್ತಾಗುತ್ತಿದ್ದವು. ಬೆಂಕಿ ಮಾತ್ರ ಗೊತ್ತಾಗುತ್ತಿರಲಿಲ್ಲ. ಸಂಜೆ ವ್ಯಾನಿನಲ್ಲಿ ಮರಳುವಾಗ ಬೆರಳುಗಳ ತುದಿ ಕೆಂಪಗೆ ಉಬ್ಬಿದ್ದವು.

"ಸಾಲ್ಯಾಗ ಯಾರ ಮುಂದೂ ಹೇಳಬ್ಯಾಡ, ಸುನೀ," ಎಂದಳು. "ಅವ್ವ ಹೋಟೆಲ್ಲಿನ್ಯಾಗ ಅಡಿಗಿ ಮಾಡ್ತಾಳ ಅನ್ನು. ಅದೇನ್ ಸುಳ್ಳಲ್ಲ."

ಆ ಚಳಿಗಾಲದಲ್ಲಿ ಪಲ್ಲೆಗೆ ಜನ ಕಿಕ್ಕಿರಿದರು. ದೊಡ್ಡ ದೊಡ್ಡ ಏಸಿ ಬಸ್ಸುಗಳು ಬಂದವು. ಕಂಪನಿಗಳ ವಿದೇಶಿ ಅತಿಥಿಗಳು ಕೆಲಸ ಮುಗಿಸಿ, ಕೊರಳಲ್ಲಿ ಕ್ಯಾಮೆರಾ ತೂಗಿಸಿಕೊಂಡು ಬರುತ್ತಿದ್ದರು. ನಮ್ಮ ಮನೆಗೂ ಕಳೆ ಬಂತು. ಬೆಳಿಗ್ಗೆ ಹಾಲು, ಸಂಜೆ ಬೇಕರಿಯ ಬೆಣ್ಣೆ ಬಿಸ್ಕೀಟು. ನನಗೆ ಹೊಸ ಬೂಟು ಬಂದವು. ಅವ್ವನಿಂದಾಗಿಯೇ ನಡೆಯುತ್ತಿದ್ದ ಮನೆಯಲ್ಲಿ ನಾವು ಅವಳ ಕೆಲಸದ ಬಗ್ಗೆ ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ ಊಟದ ನಡುವೆ ಅವಳೇ ಹೇಳಿದಳು: "ಒಂದ್ ತುತ್ತು ಕಡೀತಾರ. ಗಟ್ಟಿ ಆಗ್ತದ ಅವರಿಗಿ. ಉಳಿದದ್ದು ಕೆರಿಗಿ ಒಗದು ಮೀನಿಗಿ ಹಾಕಿದ್ವಿ ಅಂತಾರ." ಅಪ್ಪ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ತಟ್ಟೆ ತೊಳೆದು ಇಟ್ಟು ಎದ್ದ.

ಶಾಲೆಯಿಂದ ನಮ್ಮನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದು ಆಗಲೇ. ಹೊರಟಿದ್ದು ಮೃಗಾಲಯಕ್ಕೆ. ಹೋಗಿ ನೋಡಿದರೆ ಅಂದು ಅದರ ವಾರದ ರಜೆ. ಮಕ್ಕಳು ಅಳುಮುಖ ಮಾಡಿದ್ದರಿಂದ ಸರಳಾ ಟೀಚರು ಡ್ರೈವರನ ಜೊತೆ ಮಾತಾಡಿ, "ಹಂಗಾರ ಪಲ್ಲೆಗೆ ಹೋಗೂಣು ನಡೀರಿ," ಎಂದರು. ಬಸ್ಸು ಪೂರ್ತಿ ಹೋ ಎಂದಿತು. ನಾನು ಕಿಟಕಿಯ ಸರಳು ಹಿಡಿದು ಕೂತಿದ್ದೆ. ಅಂದು ಅವ್ವನಿಗೆ ರಜಾ ಇರಲಿ, ಜ್ವರ ಬಂದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಬೆಳಿಗ್ಗೆ ಅವಳೇ ನನ್ನ ಜಡೆ ಹೆಣೆದು ಕಳಿಸಿದ್ದಳು. ಜ್ವರ ಇರಲಿಲ್ಲವೆಂದು ನನಗೆ ಗೊತ್ತಿತ್ತು.

ಸಾಲಾಗಿ ಒಂದೊಂದೇ ಗುಡಿಸಿಲು ನೋಡುತ್ತ ಬಂದೆವು. ಅವ್ವನ ಗುಡಿಸಿಲಿನ ಮುಂದೆ ಹಗ್ಗ ಕಟ್ಟಿತ್ತು. ಹಗ್ಗದಾಚೆ ಹೊಗೆಯಲ್ಲಿ ಅವಳು ಕೂತಿದ್ದಳು. ಒಂದು ರೊಟ್ಟಿ ಬೆಂದ ಕೂಡಲೇ ಮುರಿದು, ತುಂಡುಗಳನ್ನು ಹಗ್ಗದ ಮೇಲಿನಿಂದ ಚಾಚುತ್ತ, ಕಲಿಸಿಕೊಟ್ಟ ಮಾತನ್ನು ಕಲಿಸಿಕೊಟ್ಟ ದನಿಯಲ್ಲಿ ಹೇಳುತ್ತಿದ್ದಳು: "ಆವೋ ಬೇಟಾ, ಆವೋ. ರೋಟೀ ಖಾವೋ." ಮುಂದಿದ್ದವರೆಲ್ಲ ಇಸಿದುಕೊಂಡು ಸರಿದರು. ನಾನು ಎದುರಿಗೆ ಬಂದೆ. ನಮ್ಮಿಬ್ಬರ ನಡುವೆ ಒಂದು ಮೊಳದಷ್ಟೂ ಅಂತರವಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡಿ, ಅದೇ ನಗು ನಕ್ಕು, ಅದೇ ದನಿಯಲ್ಲಿ ಅಂದಳು:

"ಆವೋ ಬೇಟಾ, ಆವೋ."

"ಅವ್ವಾ, ನಾನು," ಎಂದೆ.

ಅವಳ ಕೈ ಗಾಳಿಯಲ್ಲೇ ನಿಂತಿತು. ದನಿ ಬಂದ ಕಡೆಗೆ ಕತ್ತು ಚಾಚಿ, ಕಣ್ಣು ಇನ್ನಷ್ಟು ಕಿರಿದು ಮಾಡಿ, "ಸುನೀ?" ಎಂದಳು. ಆಮೇಲೆ ಬಹಳ ಮೆಲ್ಲಗೆ, "ಯಾಕ ಬಂದಿ ಇಲ್ಲಿಗಿ?"

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನನ್ನ ಬೆಂಚಿನ ಗೆಳತಿ ಪದ್ಮಜಾ ಗುಡಿಸಿಲನ್ನು ಮೇಲಿಂದ ಕೆಳಗೆ ನೋಡಿ, ನಿಜವಾಗಿಯೂ ತಿಳಿಯದೆ ಕೇಳಿದಳು: "ನೀವು ಇಲ್ಲೇ ಇರ್ತೀರೇನು? ರಾತ್ರಿ ಲೈಟ್ ಇರ್ತದೇನು?" ಎಲ್ಲರೂ ಘೊಳ್ಳೆಂದು ನಕ್ಕರು.

ಅಷ್ಟರಲ್ಲಿ ಮೂರ್ತಿಯವರು ಬಂದರು. ಪಲ್ಲೆಯ ಜಾಹೀರಾತಿಗೆಂದು ಅಂದು ಒಬ್ಬ ಫೋಟೋಗ್ರಾಫರ್ ಬಂದಿದ್ದ. ರೊಟ್ಟಿ ಬಡಿಯುವವಳಿಗೆ ಮಗಳೂ ಇದ್ದಾಳೆಂದು ತಿಳಿದು ಅವರಿಬ್ಬರಿಗೂ ಹಿಗ್ಗು. "ಬ್ಯಾಡ್ರಿ ಸಾರ್," ಎಂದಳು ಅವ್ವ. "ಆಕಿ ಸಾಲಿ ಜೋಡಿ ಬಂದಾಳ್ರಿ." ಅವರು "ಪಾಂಚ್ ಮಿನಿಟ್, ಅಮ್ಮಾ," ಎಂದು ಟೀಚರ ಕಡೆ ತಿರುಗಿ ನಕ್ಕರು. ಟೀಚರು ಪಕ್ಕಕ್ಕೆ ಸರಿದು ನಿಂತರು. ನನ್ನ ಟೈ, ಹೊಸ ಬೂಟು, ಸಮವಸ್ತ್ರ ಬಿಚ್ಚಿಸಿ ಲಂಗ, ಕುಬುಸ ತೊಡಿಸಿದರು. ನನಗಿಂತ ಮುಂಚೆ ಯಾರು ಯಾರು ತೊಟ್ಟಿದ್ದರೋ, ಅದರಲ್ಲಿ ಬೆವರು ಮತ್ತು ನುಸಿಗುಳಿಗೆಯ ವಾಸನೆ. ಗಲ್ಲಕ್ಕೆ ಕಾಡಿಗೆಯ ಬೊಟ್ಟಿಟ್ಟು, ಕೈಗೆ ಖಾಲಿ ಕೊಡ ಕೊಟ್ಟು, ಅವ್ವನ ಪಕ್ಕ ಕೂರಿಸಿದರು. ಹಗ್ಗದಾಚೆ ನನ್ನ ಇಡೀ ತರಗತಿ ನಿಂತಿತ್ತು. ಅಲ್ಲಿಂದ ನೋಡುವಾಗ ಅವರೆಲ್ಲ ಎಷ್ಟು ಎತ್ತರ ಕಂಡರೆಂದರೆ, ಕತ್ತೆತ್ತಲು ನನ್ನಿಂದಾಗಲಿಲ್ಲ. "ಅಮ್ಮನ್ನ ನೋಡಮ್ಮಾ, ನಗು," ಎಂದು ಫೋಟೋಗ್ರಾಫರ್ ತೆಲುಗಿನಲ್ಲಿ ಕೂಗಿದ. ಅವ್ವ ಸೀರೆಯ ಮರೆಯಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಅವಳ ಅಂಗೈಯ ಹಿಟ್ಟು ನನ್ನ ಬೆರಳಿಗೂ ಹತ್ತಿತು.

ಮರಳುವಾಗ ಬಸ್ಸಿನಲ್ಲಿ ನನಗೆ 'ಪಲ್ಲೆ ಪಿಲ್ಲ' ಎಂದು ಹೆಸರಾಯಿತು. ಹಳ್ಳಿ ಹುಡುಗಿ. ನಾನು ಹುಟ್ಟಿದ್ದು ಹೈದರಾಬಾದಿನ ಆಸ್ಪತ್ರೆಯಲ್ಲಿ. ಒಂದು ವಾರಕ್ಕಿಂತ ಹೆಚ್ಚು ಯಾವ ಹಳ್ಳಿಯಲ್ಲೂ ಇದ್ದವಳಲ್ಲ.

ಸಂಜೆ ಅವ್ವ ಬಂದವಳು ಕೈಕಾಲು ತೊಳೆದು, ಚಷ್ಮಾ ಹಾಕಿಕೊಂಡು ನನ್ನ ಮುಂದೆ ಕೂತಳು. ಬೈಯುತ್ತಾಳೆಂದುಕೊಂಡೆ.

"ನೀ ಕರಿಯೂಕಿಂತ ಮೊದಲ ನಾ ನಿನಗ ಏನಂದೆ?"

"ಆವೋ ಬೇಟಾ ಅಂದಿ."

ಅವಳು ಎದ್ದು ಗೋಡೆಯ ಕಡೆ ಮುಖ ಮಾಡಿ ಪಾತ್ರೆ ಜೋಡಿಸತೊಡಗಿದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

ಕೆಲವು ವಾರ ಕಳೆದ ಮೇಲೆ ಪದ್ಮಜಾ ಓಡುತ್ತ ಬಂದು, ಊರ ನಡುವಿನ ಪೇಟೆ ಅಬಿಡ್ಸಿನಲ್ಲಿ ಮನೆಯಷ್ಟು ಎತ್ತರದ ಬೋರ್ಡಿನ ಮೇಲೆ ನಾನಿದ್ದೇನೆ ಎಂದಳು. ಅಷ್ಟು ದಿನ ಯಾವುದಕ್ಕೆ ನಾಚಿದ್ದೆನೋ ಅದಕ್ಕೇ ಹಿಗ್ಗಿಬಿಟ್ಟೆ, ಮಕ್ಕಳ ಬುದ್ಧಿ. ಭಾನುವಾರ ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುತ್ತಾರೆ. ಪುಸ್ತಕ ಬೇಕೆಂದು ಹಟ ಹಿಡಿದು ಅಪ್ಪನನ್ನು ಕರೆದುಕೊಂಡು ಹೋದೆ. ಬಸ್ಸಿಳಿದ ಕೂಡಲೇ ಕಂಡಿತು. ಅವ್ವನ ಮುಖ ಒಂದು ಅಂಗಡಿಯಷ್ಟು ಅಗಲ. ಕಾಣದ ಕಣ್ಣು ಕಿರಿದು ಮಾಡಿದ್ದನ್ನು ಅವರು ಮುಗ್ಧ ನಗು ಎಂದುಕೊಂಡಿದ್ದರು. ಪಕ್ಕದಲ್ಲಿ ಕೊಡ ಹಿಡಿದ ನಾನು. ನನಗೆ ಕುಣಿಯುವಷ್ಟು ಖುಷಿ. "ಅಪ್ಪಾ, ನೋಡಲ್ಲಿ!"

ಅಪ್ಪ ನಿಂತು ಕೆಳಗಿನ ಇಂಗ್ಲಿಷ್ ಸಾಲನ್ನು ತುಟಿ ಅಲುಗಿಸುತ್ತ ಓದಿದ. ಬಹಳ ಹೊತ್ತು ಹಿಡಿಯಿತು. "ಏನ್ ಬರದಾರಪ್ಪಾ?" ಎಂದು ಅವನ ಕೈ ಜಗ್ಗಿದೆ.

"ಇಲ್ಲಿ ಕಾಲಾ ಮುಂದ ಹೋಗೇ ಇಲ್ಲಂತ. ಬಂದು ನೋಡಿ ಹೋಗ್ರಿ ಅಂತ ಬರದಾರ."

ಬೋರ್ಡಿನ ಕೆಳಗೆ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಇಬ್ಬರು ಅವ್ವನ ಚಿತ್ರ ನೋಡುತ್ತ ಏನೋ ಅಂದುಕೊಂಡು ನಕ್ಕರು. ಏನೆಂದು ನನಗೆ ಕೇಳಿಸಲಿಲ್ಲ, ಅಪ್ಪನಿಗೆ ಕೇಳಿಸಿತು. ಅವನು ನನ್ನ ಭುಜ ಹಿಡಿದು ರಸ್ತೆ ದಾಟಿಸಿ, ಪುಸ್ತಕ ಕೊಳ್ಳದೆ ಮರುಬಸ್ಸು ಹತ್ತಿದ. ನನ್ನ ಖುಷಿ ಎಲ್ಲಿ ಹೋಯಿತೋ. ಅಂದಿನಿಂದ ಅಬಿಡ್ಸ್ ಮೇಲೆ ಹಾಯುವ ಬಸ್ಸಿನಲ್ಲಿ ಆ ತಿರುವು ಬಂದರೆ ನಾನು ಬೂಟಿನ ಲೇಸು ಕಟ್ಟುವವಳಂತೆ ಬಗ್ಗುತ್ತಿದ್ದೆ.

ಮರುದಿನ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಅವ್ವನ ವ್ಯಾನು ಹತ್ತಿದ. ಶಾಲೆಗೆ ಹೋಗಲೊಲ್ಲೆ ಎಂದು ಅಳುತ್ತಿದ್ದ ನನ್ನನ್ನೂ ಕರೆದುಕೊಂಡ. ಮೂರ್ತಿಯವರ ಮುಂದೆ ಕೈಕಟ್ಟಿ ನಿಂತು, ತನ್ನ ಕಾರ್ಖಾನೆಯ ಹಿಂದಿಯಲ್ಲಿ ಆ ಬೋರ್ಡು ತೆಗೆಸಿ ಎಂದು ಕೇಳಿದ. ಅದು ತಮ್ಮ ಕೈಯಲ್ಲಿಲ್ಲ ಎಂದರು ಅವರು. ಹಾಗಾದರೆ ಆಕೆಗೆ ಚಷ್ಮಾ ಹಾಕಿಕೊಳ್ಳಲಾದರೂ ಬಿಡಿ ಎಂದ.

"ಜನ ನೋಡಾಕ ಬರ್ತಾರ, ಖರೆ," ಎಂದು ಸಿಟ್ಟಿನಲ್ಲಿ ಅವನಿಗೆ ಕನ್ನಡವೇ ಬಂದುಬಿಟ್ಟಿತು. "ಆಕಿಗೂ ಎದುರಿಗಿದ್ದವರು ಕಾಣಬೇಕಲ್ರೀ! ಬೆರಳೆಲ್ಲಾ ಸುಟ್ಕೊಂಡಾಳ."

ಮೂರ್ತಿಯವರು ಅವ್ವನ ಬೆರಳು ನೋಡಿದರು. ಆಮೇಲೆ, ಬೇಕಾದರೆ ಪಕ್ಕದಲ್ಲಿ ಕೂತು ಬೆಂಕಿ ನೋಡಿಕೊಳ್ಳಲು ರೈತನ ವೇಷದಲ್ಲಿ ಒಬ್ಬನನ್ನು ಇಡಬಹುದು, ನೀವೇ ಕೂಡುತ್ತೀರೇನು ಎಂದು ಕೇಳಿದರು. ಉಪಕಾರವೆಂದೇ ಕೇಳಿದ್ದರು.

ಅಪ್ಪ ಬಾಗಿಲಿನಿಂದ ಹೊರಗೆ ಹೋಗಿ ಕೆರೆಯ ಕಡೆ ಮುಖ ಮಾಡಿ ನಿಂತ. ಅವ್ವ ಹಿಂದೆಯೇ ಹೋಗಿ, "ನಡೀರಿ, ಮನಿಗಿ ಹೋಗೂಣು. ಬಿಟ್ಟಬಿಡ್ತೀನಿ," ಎಂದಳು. "ಬಿಟ್ಟು?" ಎಂದ ಅಪ್ಪ. ಅಪ್ಪ ಒಳಗೆ ಬಂದು ತಾನೇ ಅಂಗಿಯ ಗುಂಡಿ ಬಿಚ್ಚತೊಡಗಿದ.

ಅವನಿಗೆ ರುಮಾಲು ಸುತ್ತಲು ಬರುತ್ತಿರಲಿಲ್ಲ. ಪಲ್ಲೆಯ ರುಮಾಲು ಟೋಪಿಯಂತೆ ಹೊಲಿದು ಇಟ್ಟದ್ದು, ತಲೆಗೆ ಏರಿಸಿದರೆ ಸಾಕು. ಅದು ಕಿವಿಯವರೆಗೆ ಇಳಿಯುತ್ತಿತ್ತು. ಅವನು ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮುಖ ಕೆಳಗೆ ಮಾಡಿ, ಯಾರಿಗೂ ಕೇಳಿಸದ ಹಾಗೆ ಹೇಳುತ್ತಿದ್ದ: "ಈಗ ತಿರುವು. ಕೈ ತಗಿ. ಎಡಕ್ಕ ಒಂದು ಕೂಸು ನಿಂತದ, ಅದಕ್ಕ ಕೊಡು." ಕ್ಯಾಮೆರಾಗಳು ಕ್ಲಿಕ್ಕೆನ್ನುತ್ತಿದ್ದವು. ಆಮೇಲೆ ಅವ್ವನ ಬೆರಳು ಸುಡಲಿಲ್ಲ. ರಜೆಯ ದಿನ ನಾನು ಗುಡಿಸಿಲಿನ ಹಿಂದೆ ಕೂತು ಅವನ ದನಿ ಕೇಳಿಸಿಕೊಳ್ಳುತ್ತಿದ್ದೆ. ಮುಂದೆ ಹೋಗಿ ನೋಡಲು ಧೈರ್ಯವಾಗಲಿಲ್ಲ. ಅಪ್ಪನಿಗೂ ನಾನು ನೋಡುವುದು ಬೇಕಿರಲಿಲ್ಲ. ಬಟ್ಟೆ ಬದಲಿಸಿದ ಮೇಲೆಯೇ ಹಿಂದೆ ಬಂದು "ನಡಿ" ಎನ್ನುತ್ತಿದ್ದ.

ಬೇಸಿಗೆ ಬಂದಂತೆ ಕೆರೆ ನಾರತೊಡಗಿತು. ಬಂದವರು ಒಗೆದ ತಟ್ಟೆ, ಲೋಟ, ಬಾಟಲಿ ದಂಡೆಗೆ ಬಂದು ಬಿದ್ದವು. ಸುತ್ತ ಎದ್ದ ಹೊಸ ಹೋಟೆಲುಗಳ ಚರಂಡಿಯೂ ಅದಕ್ಕೇ ಇಳಿಯಿತು. ನೀರ ಮೇಲೆ ಸಾಬೂನಿನಂಥ ನೊರೆ ನಿಂತಿತು. ಸತ್ತ ಮೀನುಗಳನ್ನು ಅತಿಥಿಗಳು ಬರುವ ಮುಂಚೆ ಬುಟ್ಟಿಯಲ್ಲಿ ತುಂಬಿ ಸಾಗಿಸುತ್ತಿದ್ದವರು, ಬಲೆ ಹಿಡಿದು ನಿಲ್ಲುವ ಅದೇ ಬೆಸ್ತರು. ಗುಡಿಸಿಲುಗಳಲ್ಲಿ ಊದಿನಕಡ್ಡಿ ಹಚ್ಚಿದರು, ಪಿಚಕಾರಿಯಿಂದ ಗುಲಾಬಿ ನೀರು ಸಿಂಪಡಿಸಿದರು. ಬಸ್ಸುಗಳು ಕಡಿಮೆಯಾದವು, ಆಮೇಲೆ ನಿಂತವು. ಮಳೆಗಾಲಕ್ಕೆ ಮುಂಚೆ ಪಲ್ಲೆಯನ್ನು ಕೆಡವಿ, ಕೆರೆಯ ಅಂಚಿಗೆ ಕಲ್ಲು ಸುರಿದು ಕಟ್ಟಡ ಎಬ್ಬಿಸಿದರು. ಅಪ್ಪನಿಗೆ ಊರಿನ ಇನ್ನೊಂದು ತುದಿಯ ಮಿಯಾಪುರದ ಕಡೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆಯೇ ಕೆಲಸ ಸಿಕ್ಕಿತು; ನಾವು ಅಲ್ಲಿಗೆ ಹೋದೆವು. ಆ ಬೋರ್ಡಿನ ಮೇಲೆ ಬೇರೆ ಯಾವುದೋ ಜಾಹೀರಾತು ಬಂದಿರಬೇಕು. ನಾವ್ಯಾರೂ ಹೋಗಿ ನೋಡಲಿಲ್ಲ. ಆ ಚಳಿಗಾಲದ ಮಾತನ್ನು ಮನೆಯಲ್ಲಿ ಯಾರೂ ಎತ್ತಲೂ ಇಲ್ಲ.

ಅವ್ವ ಮಾತ್ರ ಬದಲಾಗಿದ್ದಳು. ಮನೆಯಲ್ಲಿ ರೊಟ್ಟಿ ಮಾಡುವಾಗ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಯಾರಾದರೂ ಇಣುಕಿದರೆ ಅವಳ ಕೈ ನಿಂತುಬಿಡುತ್ತಿತ್ತು. ನಾನು ದೊಡ್ಡವಳಾದ ಮೇಲೆ ಎಷ್ಟೋ ಸಲ ಕಲಿಸು ಎಂದು ಕೇಳಿದ್ದೇನೆ. ಜೋಳದ ಹಿಟ್ಟು ಹೇಳಿದರೆ ಬರುವಂಥದ್ದಲ್ಲ. ಎಷ್ಟು ನಾದಬೇಕು, ಅಂಗೈ ಎಲ್ಲಿ ಒತ್ತಬೇಕು, ಅಂಚು ಬಿರಿಯದಂತೆ ಹೇಗೆ ತಿರುಗಿಸಬೇಕು ಎಂಬುದನ್ನೆಲ್ಲ ಪಕ್ಕದಲ್ಲಿ ಕೂತು ನೋಡಿಯೇ ಕಲಿಯಬೇಕು. "ಕಲಿಸ್ತೀನಿ ತಗೋ," ಎಂದು ಹಿಟ್ಟು ಹಾಕಿಕೊಂಡು ಕೂಡುತ್ತಿದ್ದಳು. ನನ್ನ ಕಣ್ಣು ಅವಳ ಕೈಮೇಲೆ ಬಿದ್ದ ಕೂಡಲೇ ಮುಖ ಕೆಂಪೇರಿ, "ನೋಡಬ್ಯಾಡವ್ವಾ, ಹೊರಗ ಕೂಡು ಹೋಗು. ಕರೀತೀನಿ," ಎನ್ನುತ್ತಿದ್ದಳು. ನಾನು ಹೊರಗೆ ಕೂಡುತ್ತಿದ್ದೆ. ಬಿಸಿ ರೊಟ್ಟಿ ತಟ್ಟೆಗೆ ಬಿದ್ದ ಮೇಲೆ ಕರೆಯುತ್ತಿದ್ದಳು.

ಅವಳು ಹೋದ ಮೇಲೆ ಒಮ್ಮೆ ಹಿಟ್ಟು ಕಲಸಿದೆ. ಮೊದಲ ಏಟಿಗೇ ಒಡೆಯಿತು. ಮತ್ತೆ ಕಲಸಿದೆ, ಮತ್ತೆ ಒಡೆಯಿತು. ನನ್ನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಅಜ್ಜಿ ಹೆಂಗ ಮಾಡ್ತಿದ್ಲು?" ಎಂದು ಕೇಳಿದಳು. ಒಡೆದ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿಕೊಂಡು, ನನಗೆ ಗೊತ್ತಿಲ್ಲ ಎಂದೆ.